ಬೀರುವಿನ ಕೀಲಿ ಯಾರ ಕೈಯಲ್ಲಿದೆಯೋ ಅವರಿಗಾಗಿ ಬರೆಯಿರಿ

ಪ್ರಿಯರೇ, ನಮಸ್ಕಾರ.

ಶಾಲಾ ಗ್ರಂಥಾಲಯಗಳ ಕುರಿತ ನಿಮ್ಮ ಲೇಖನ ಕೈಸೇರಿದೆ. ಯಾರ ಮೇಲೂ ಲೈಂಗಿಕ ಆಕರ್ಷಣೆ ಹುಟ್ಟದ ಏಸೆಕ್ಶುಯಲ್ ಮಕ್ಕಳು, ಪ್ರಣಯದ ಸೆಳೆತವೇ ಇಲ್ಲದ ಏರೋಮ್ಯಾಂಟಿಕ್ ಮಕ್ಕಳು ತಮ್ಮಂಥವರನ್ನು ಪುಸ್ತಕಗಳಲ್ಲಿ ಕಾಣುವಂತಾಗಬೇಕು, ಅದಕ್ಕೆ ಪ್ರೌಢಶಾಲೆಯ ಗ್ರಂಥಾಲಯವೇ ತಕ್ಕ ಜಾಗ ಎನ್ನುವುದು ನಿಮ್ಮ ವಾದ. ವಾದವನ್ನು ಪೂರ್ತಿ ಒಪ್ಪುತ್ತೇನೆ. ಲೇಖನವನ್ನು ಮಾತ್ರ ಈಗಿನ ರೂಪದಲ್ಲಿ ಪ್ರಕಟಿಸಲಾರೆ. ನೀವು ಇದನ್ನು ಮತ್ತೆ ಬರೆಯಬೇಕೆಂಬ ಆಸೆ ಇರುವುದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಹಸ್ತಪ್ರತಿಯ ಜೀವಾಳ ಏಳನೆಯ ಪುಟದಲ್ಲಿ ಹುದುಗಿಹೋಗಿದೆ. ಒಂಬತ್ತನೆಯ ತರಗತಿಯ ಹುಡುಗಿಯರು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಫ್ಲೇಮ್ಸ್ ಆಡುತ್ತಿದ್ದಾರೆ. ಎರಡು ಹೆಸರು ಬರೆದು, ಎರಡರಲ್ಲೂ ಇರುವ ಅಕ್ಷರಗಳನ್ನು ಹೊಡೆದುಹಾಕಿ, ಉಳಿದವನ್ನು ಎಣಿಸಿ, ಗೆಳೆತನವೋ ಪ್ರೀತಿಯೋ ಮದುವೆಯೋ ಎಂದು ನೋಡುವ ಆಟ. ಒಬ್ಬಳ ಸರದಿ ಬಂದಾಗ ಅವಳಿಗೆ ಬರೆಯಲು ಯಾವ ಹೆಸರೂ ಹೊಳೆಯುವುದಿಲ್ಲ. ‘ಸುಳ್ಳು ಹೇಳಬೇಡ’ ಎಂದು ಗೆಳತಿಯರು ಪೀಡಿಸುತ್ತಾರೆ. ಕೊನೆಗೆ ಹಾಜರಿಯಲ್ಲಿ ತನ್ನ ನಂತರದ ಸಂಖ್ಯೆಯ ಹುಡುಗನ ಹೆಸರು ಗೀಚಿ ಪಾರಾಗುತ್ತಾಳೆ. ಇಷ್ಟನ್ನು ಹೇಳಿ ಮರುಸಾಲಿನಲ್ಲೇ ‘ಇಂತಹ ಮಕ್ಕಳಲ್ಲಿ ಜಾಗೃತಿ ಮೂಡಿಸುವುದು ಇಂದಿನ ತುರ್ತು’ ಎಂದು ಬರೆದು ಅವಳ ಕೈ ಬಿಟ್ಟಿದ್ದೀರಿ. ಅವಳಿಗೆ ತನ್ನ ಬಗ್ಗೆ ಗೊತ್ತಿದೆ. ತಿಳಿಯದಿರುವುದು ಗೆಳತಿಯರಿಗೆ, ನಮಗೆ. ಲೇಖನ ಅವಳಿಂದಲೇ ಶುರುವಾಗಲಿ. ಮೊದಲ ಆರು ಪುಟಗಳ ವ್ಯಾಖ್ಯಾನಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ. ಆ ಪ್ಯಾರಾದಲ್ಲಿ ಒಂದು ವಿಷಯ ಸ್ಪಷ್ಟವಾಗಿರಲಿ: ಏಸೆಕ್ಶುಯಲ್ ಬೇರೆ, ಏರೋಮ್ಯಾಂಟಿಕ್ ಬೇರೆ. ನೀವು ಎರಡನ್ನೂ ಒಂದೇ ಎಂಬಂತೆ ಬಳಸಿದ್ದೀರಿ. ಪ್ರೀತಿಸುವ, ಸಂಗಾತಿಯನ್ನು ಬಯಸುವ ಏಸೆಕ್ಶುಯಲ್ ವ್ಯಕ್ತಿಗಳು ಬೇಕಾದಷ್ಟು ಜನ ಇದ್ದಾರೆ.

ಭೀಷ್ಮ ಮತ್ತು ಅಕ್ಕಮಹಾದೇವಿಯ ಪ್ಯಾರಾವನ್ನು ದಯವಿಟ್ಟು ತೆಗೆದುಬಿಡಿ. ನಮ್ಮ ಪರಂಪರೆಯಲ್ಲೂ ಇದು ಇತ್ತು ಎಂದು ತೋರಿಸುವ ನಿಮ್ಮ ತವಕ ನನಗೆ ಅರ್ಥವಾಗುತ್ತದೆ. ಆದರೆ ಭೀಷ್ಮನದು ಪ್ರತಿಜ್ಞೆ. ತಂದೆಗೆ ಸತ್ಯವತಿ ದಕ್ಕಲೆಂದು ಅವನು ತನ್ನ ಪಾಲಿನ ರಾಜ್ಯವನ್ನೂ ಸಂಸಾರವನ್ನೂ ಬಿಟ್ಟುಕೊಟ್ಟ. ನಿಮ್ಮ ಹುಡುಗಿ ಏನನ್ನೂ ಬಿಟ್ಟುಕೊಟ್ಟಿಲ್ಲ. ಇನ್ನು ಅಕ್ಕ, ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡ ಎಂದು ಸಾರಿದವಳು. ಕನ್ನಡದಲ್ಲಿ ವಿರಹವನ್ನು ಅವಳಷ್ಟು ತೀವ್ರವಾಗಿ ಹಾಡಿದವರು ವಿರಳ. ಅವಳನ್ನು ಪ್ರಣಯದ ಸೆಳೆತವಿಲ್ಲದವಳು ಎನ್ನುವುದು ವಚನಗಳಿಗೂ ಅನ್ಯಾಯ, ಆ ಮಕ್ಕಳಿಗೂ ಅನ್ಯಾಯ. ಒಮ್ಮೆ ವ್ರತ, ವೈರಾಗ್ಯದ ಮಾತು ಬಂತೆಂದರೆ ಹದಿನಾಲ್ಕರ ಹುಡುಗಿಯ ಹೆಗಲಿಗೆ ಸಾಧ್ವಿಯ ಭಾರ ಬೀಳುತ್ತದೆ. ಅವಳಿಗೆ ಅದು ಬೇಡ.

ಅಂಕಿಸಂಖ್ಯೆಯಲ್ಲೂ ಎಡವಿದ್ದೀರಿ. ‘ಭಾರತದಲ್ಲಿ 1.4 ಕೋಟಿ ಏಸೆಕ್ಶುಯಲ್ ಜನರಿದ್ದಾರೆ’ ಎನ್ನುವುದು ಶೇಕಡ 1ನ್ನು ನಮ್ಮ ಜನಸಂಖ್ಯೆಯಿಂದ ಗುಣಿಸಿದ ಫಲ. ಆ ಶೇಕಡ 1 ಬಂದದ್ದು ಬ್ರಿಟನ್ನಿನಲ್ಲಿ 18 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ನಡೆಸಿದ್ದ ಸಮೀಕ್ಷೆಯೊಂದರಿಂದ. ಯಾರ ಬಗ್ಗೆಯೂ ತಮಗೆ ಎಂದೂ ಲೈಂಗಿಕ ಆಕರ್ಷಣೆ ಹುಟ್ಟಿಲ್ಲ ಎಂದು ಉತ್ತರಿಸಿದವರನ್ನು ಎಣಿಸಿ ಕೆನಡಾದ ಮನಶ್ಶಾಸ್ತ್ರಜ್ಞ ಆಂಥನಿ ಬೊಗಾರ್ಟ್ 2004ರಲ್ಲಿ ಅದನ್ನು ಪ್ರಕಟಿಸಿದರು. ಮಹತ್ವದ ಕೆಲಸ, ಉಲ್ಲೇಖಿಸಿ. ಗುಣಾಕಾರ ಬೇಡ.

ಅಮೆರಿಕದ ಭಾಗದಲ್ಲಿ ನೀವು ಅರ್ಧ ಕಥೆಯನ್ನಷ್ಟೇ ಹೇಳಿದ್ದೀರಿ. ಮಾಯಾ ಕೊಬಾಬೆಯವರ ‘ಜೆಂಡರ್ ಕ್ವಿಯರ್’ ಎಂಬ ಚಿತ್ರರೂಪದ ಆತ್ಮಕಥನ 2019ರಲ್ಲಿ ಬಂತು, ಏಸೆಕ್ಶುಯಲ್ ಆಗಿ ಬೆಳೆದ ಅನುಭವ ಅದರಲ್ಲಿದೆ, ಶಾಲಾ ಗ್ರಂಥಾಲಯಗಳನ್ನೂ ಸೇರಿತು ಎಂದಿದ್ದೀರಿ. ನಿಜ. ಅಮೆರಿಕನ್ ಗ್ರಂಥಾಲಯ ಸಂಘದ ಪಟ್ಟಿಯಲ್ಲಿ 2021, 2022, 2023 ಮೂರೂ ವರ್ಷ ಅತಿ ಹೆಚ್ಚು ಆಕ್ಷೇಪಣೆ ಬಂದ ಪುಸ್ತಕವೂ ಅದೇ. ಕೆಲವು ಚಿತ್ರಗಳು ಅಶ್ಲೀಲ ಎಂಬ ದೂರಿನ ಮೇಲೆ ಎಷ್ಟೋ ಶಾಲೆಗಳು ಅದನ್ನು ಕಪಾಟಿನಿಂದ ಇಳಿಸಿದವು. ಇದನ್ನು ಮುಚ್ಚಿಟ್ಟರೆ ಓದುಗರು ತಾವಾಗಿ ಕಂಡುಕೊಳ್ಳುತ್ತಾರೆ, ಆಮೇಲೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಡೀ ಲೇಖನ ‘ಸಮಾಜ’ವನ್ನು ಉದ್ದೇಶಿಸಿದೆ. ಸಮಾಜ ಪುಸ್ತಕ ತರಿಸುವುದಿಲ್ಲ. ನಮ್ಮ ಬಹುಪಾಲು ಸರ್ಕಾರಿ ಪ್ರೌಢಶಾಲೆಗಳಲ್ಲಿ ಗ್ರಂಥಾಲಯವೆಂದರೆ ಸ್ಟಾಫ್ ರೂಮಿನ ಮೂಲೆಯ ಒಂದು ಕಬ್ಬಿಣದ ಬೀರು. ಅದರ ಕೀಲಿ ಪಾಠದ ಜೊತೆಗೆ ಈ ಹೊಣೆಯನ್ನೂ ಹೊತ್ತ ಒಬ್ಬ ಮೇಷ್ಟ್ರ ಅಥವಾ ಟೀಚರ್ ಕೈಯಲ್ಲಿರುತ್ತದೆ. ಲೈಂಗಿಕ ಶಿಕ್ಷಣವೂ ಸೇರಿದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ತಡೆಹಾಕಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು ಎಂಬುದು ಅವರಿಗೆ ನೆನಪಿರಬಹುದು. ಅವರ ಅಂಜಿಕೆ ಸುಳ್ಳಲ್ಲ. ಪುಸ್ತಕದಲ್ಲಿ ಏನಿದೆ, ಯಾವ ತರಗತಿಗೆ ಕೊಡಬಹುದು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರೊಬ್ಬರು ಎದ್ದು ಕೇಳಿದರೆ ಏನು ಹೇಳಲಿ, ಇದು ಕಾಯಿಲೆಯಲ್ಲವೇ ಎಂದರೆ ಏನು ಉತ್ತರ? ಈ ಪ್ರಶ್ನೆಗಳಲ್ಲಿ ಒಂದಕ್ಕೂ ನಿಮ್ಮಲ್ಲಿ ಉತ್ತರವಿಲ್ಲ. ಕೊನೆಯದಕ್ಕಂತೂ ಸುಲಭವಾಗಿ ಕೊಡಬಹುದಿತ್ತು: ತನ್ನನ್ನು ಏಸೆಕ್ಶುಯಲ್ ಎಂದು ಗುರುತಿಸಿಕೊಳ್ಳುವವರಲ್ಲಿ ಲೈಂಗಿಕ ಆಸಕ್ತಿಯ ಕೊರತೆಯನ್ನು ಅಸ್ವಸ್ಥತೆ ಎಂದು ಪರಿಗಣಿಸಬಾರದೆಂದು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಲ್ಲೇ ಸ್ಪಷ್ಟಪಡಿಸಿದೆ. ಆ ಟೀಚರನ್ನು ಎದುರಿಗೆ ಕೂರಿಸಿಕೊಂಡು ಬರೆಯಿರಿ.

ಇನ್ನೊಂದನ್ನು ಅವರಿಗೆ ಧೈರ್ಯವಾಗಿ ಹೇಳಿ. ಈ ವಿಷಯದ ಪುಸ್ತಕವೆಂದರೆ ಲೈಂಗಿಕ ವಿವರಗಳ ಪುಸ್ತಕ ಆಗಬೇಕಿಲ್ಲ. ಮದುವೆಯಾಗದ ಅತ್ತೆಯೊಬ್ಬಳು ಯಾರ ಕನಿಕರವೂ ಇಲ್ಲದೆ ನೆಮ್ಮದಿಯಾಗಿ ಬಾಳುವ ಕಥೆ, ಪ್ರೇಮಕ್ಕೆ ತಿರುಗದೆ ಕೊನೆಯವರೆಗೂ ಸ್ನೇಹವಾಗಿಯೇ ಉಳಿಯುವ ಸ್ನೇಹದ ಕಥೆ ಕೂಡ ಈ ಕೆಲಸ ಮಾಡುತ್ತವೆ. ನಿಮ್ಮ ಶಾಲೆಯ ಬೀರು ತೆರೆಸಿ, ಅಂಥವು ಇವೆಯೇ ಎಂದು ಹುಡುಕಿ, ಸಿಕ್ಕಿದ್ದನ್ನು ಹೆಸರಿಸಿ ಬರೆಯಿರಿ. ಸಿಗದಿದ್ದರೆ ಅದನ್ನೇ ಬರೆಯಿರಿ; ಲೇಖನಕ್ಕೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

‘ಶಿಕ್ಷಕರು ಇಂತಹ ಮಕ್ಕಳನ್ನು ಗುರುತಿಸಿ ಪುಸ್ತಕ ನೀಡಬೇಕು’ ಎಂಬ ನಿಮ್ಮ ಸಲಹೆಗೆ ನನ್ನ ಬಲವಾದ ವಿರೋಧವಿದೆ. ಗುರುತಿಸುವ ಕೆಲಸ ಆ ಮಗುವಿನದೇ, ಬೇರೆ ಯಾರದ್ದೂ ಅಲ್ಲ. ಹದಿಮೂರರಲ್ಲಿ ಏನೂ ಅನ್ನಿಸದ ಮಗುವಿಗೆ ಹದಿನೆಂಟರಲ್ಲಿ ಅನ್ನಿಸಬಹುದು, ಅನ್ನಿಸದೆಯೂ ಇರಬಹುದು. ‘ಮುಂದೆ ಎಲ್ಲ ಸರಿಹೋಗುತ್ತದೆ’ ಎಂದು ಅವಳ ಬಾಯಿ ಮುಚ್ಚಿಸುವುದು ಎಷ್ಟು ತಪ್ಪೋ, ‘ನೀನು ಇಂಥವಳು’ ಎಂದು ಚೀಟಿ ಅಂಟಿಸುವುದೂ ಅಷ್ಟೇ ತಪ್ಪು. ಪುಸ್ತಕ ಕಪಾಟಿನಲ್ಲಿ ಉಳಿದವುಗಳ ನಡುವೆ ಇರಲಿ. ಬೇಕಾದವರು ತಾವೇ ತೆಗೆದುಕೊಳ್ಳುತ್ತಾರೆ, ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಸಾವಿರದ ಇನ್ನೂರು ಪದಗಳ ಮಿತಿಯಲ್ಲಿ ಹೊಸದಾಗಿ ಬರೆದು ಕಳುಹಿಸಿ. ಕಳುಹಿಸುವ ಮುನ್ನ ಆ ಹುಡುಗಿಯ ತರಗತಿ, ಊರು, ಹಾಜರಿ ಸಂಖ್ಯೆಯ ವಿವರ ಎಲ್ಲವನ್ನೂ ಬದಲಿಸಿ. ನಿಮ್ಮ ಹೆಸರು ಕಂಡ ಕೂಡಲೇ ಶಾಲೆ ಯಾವುದೆಂದು ನಿಮ್ಮೂರಿನವರಿಗೆ ತಿಳಿದುಬಿಡುತ್ತದೆ. ಬೇಕಿದ್ದರೆ ನಿಮ್ಮ ಹೆಸರನ್ನೂ ಕೈಬಿಟ್ಟು ಪ್ರಕಟಿಸಲು ನಾನು ಸಿದ್ಧ.

ವಿಶ್ವಾಸದಿಂದ,
ಸಂಪಾದಕ