ಒಂದೂವರೆ ವರ್ಷದ ಮಗ ಪುಸ್ತಕ ಕಚ್ಚುತ್ತಾನೆ, ಒಂದು ಪುಟಕ್ಕೂ ಕೂರುವುದಿಲ್ಲ. ಈಗಲೇ ಓದಿ ಹೇಳುವುದರಿಂದ ಉಪಯೋಗವಿದೆಯೇ?

ಇದೆ. ಕಚ್ಚಿದರೆ ಕಚ್ಚಲಿ ಬಿಡಿ, ನನ್ನ ಮಗಳ ಮೊದಲ ಪುಸ್ತಕಕ್ಕೆ ಈಗ ಮೂಲೆಗಳೇ ಉಳಿದಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ನಾನೂ ಮೊದಮೊದಲು ಪಾಠ ಒಪ್ಪಿಸುವವಳಂತೆ ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಿದ್ದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವಳು ಎದ್ದು ಕೊಟ್ಟಿಗೆಯ ಕಡೆ ಹೊರಟಿರುತ್ತಿದ್ದಳು. ಮಳೆ ಹಿಡಿದು ಜಗಲಿ ಬಿಟ್ಟು ಇಳಿಯಲಾಗದ ಒಂದು ಮಧ್ಯಾಹ್ನ, ಮಂಗ ಬಾಳೆಹಣ್ಣು ತಿನ್ನುವ ಪುಟ ತೆರೆದಿತ್ತು. ನಾನು ರಾಗವಾಗಿ ಓದುತ್ತಿದ್ದರೆ ಇವಳು ಚಿತ್ರದ ಮೇಲೆ ಅಂಗೈ ಬಡಿದು "ಹೋ! ಹೋ!" ಎಂದು ಕೂಗಿದಳು. ಅವಳ ಅಜ್ಜ ತೋಟಕ್ಕೆ ನುಗ್ಗಿದ ಮಂಗಗಳನ್ನು ಓಡಿಸುವುದು ಹಾಗೆಯೇ. ಪುಸ್ತಕದಲ್ಲಿ ಮಂಗ ಮುದ್ದಾಗಿರಬಹುದು, ನಮ್ಮಲ್ಲಿ ಅದು ಎಳೆ ಅಡಿಕೆ ಉದುರಿಸುವ ಪೀಡೆ! ಓದು ನಿಲ್ಲಿಸಿ "ಓಡಿಹೋಯಿತಾ?" ಎಂದು ಕೇಳಿದೆ. "ಇಲ್ಲ" ಎಂದು ಮತ್ತೆ ಬಡಿದಳು. ಹತ್ತು ನಿಮಿಷ ಅದೊಂದೇ ಪುಟ.

ಅಂದಿನಿಂದ ಪುಸ್ತಕ ಮುಗಿಸುವ ಹಟ ಬಿಟ್ಟೆ. ಕೇಳುತ್ತೇನೆ, ಅವಳು ಬಾಯಿ ತೆರೆಯುವವರೆಗೆ ಕಾಯುತ್ತೇನೆ, "ಬೌ" ಎಂದರೆ "ಹೌದು, ಕರಿ ನಾಯಿ ಬೊಗಳುತ್ತಿದೆ" ಎಂದು ಸ್ವಲ್ಪ ಬೆಳೆಸುತ್ತೇನೆ. ಇದು ನನ್ನ ಕಂಡುಹಿಡಿತವೇನಲ್ಲ. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲೇ ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಗೆ ಹೀಗೆ ಓದಲು ಕಲಿಸಿದ್ದರು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು, ಸುಮ್ಮನೆ ಓದಿಸಿಕೊಂಡ ಮಕ್ಕಳ ಮಾತಿಗಿಂತ ಮುಂದಿತ್ತು.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ. ಆದರೆ ಮೊಬೈಲಿನಲ್ಲಿ ತೋರಿಸದೆ ಮುದ್ರಿಸಿ ಹೊಲಿದುಕೊಳ್ಳಿ. ಎರಡು ವರ್ಷ ತುಂಬುವವರೆಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಹೇಳಿದೆ. ಮಲೆನಾಡಿನವರಾದರೆ ಮಳೆಗಾಲದಲ್ಲಿ ಪುಸ್ತಕವನ್ನು ಒಲೆಯ ಕಾವು ತಾಗುವ ಗೂಡಿನಲ್ಲಿಡಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.

ಒಂದೇ ಪುಸ್ತಕವನ್ನು ನೂರು ಸಲ ತಂದರೂ ಗೊಣಗದೆ ಓದಿ. ನಮ್ಮ ಅತ್ತೆ ಕನ್ನಡಕ ಸಿಗದ ದಿನ ಚಿತ್ರ ನೋಡಿ ತಮ್ಮದೇ ಕಥೆ ಕಟ್ಟುತ್ತಾರೆ. ಮಗಳಿಗೆ ಈಗ ಎರಡೂವರೆ. ಮೊನ್ನೆ "ಹಾಗಲ್ಲ ಅಜ್ಜಿ" ಎಂದವಳೇ ಒಳಗೆ ಹೋಗಿ ಕನ್ನಡಕ ಹುಡುಕಿ ತಂದುಕೊಟ್ಟಳು.