ಮೊದಲ ಸಲ ಬೆಡ್ ಅಂಡ್ ಬ್ರೇಕ್‌ಫಾಸ್ಟ್‌ಗೆ ಹೋಗುವವರಿಗೆ: ಆ ಕಬೋರ್ಡು ನಿಮ್ಮದೇ

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ನನ್ನನ್ನೇ ನೆನೆಸಿಕೊಂಡು. ಇಷ್ಟು ದಿನ ಹೋಟೆಲಿನಲ್ಲೇ ಉಳಿದು ಅಭ್ಯಾಸ, ಈಗ ಮೊದಲ ಸಲ ಒಂದು ಸಣ್ಣ ಊರಿನ ಬೆಡ್ ಅಂಡ್ ಬ್ರೇಕ್‌ಫಾಸ್ಟ್‌ನಲ್ಲಿ, ಅಂದರೆ ಮನೆಯವರೇ ಕೋಣೆ ಬಾಡಿಗೆಗೆ ಕೊಟ್ಟು ಬೆಳಗ್ಗೆ ತಿಂಡಿಯನ್ನೂ ಹಾಕುವ ಮನೆಯಲ್ಲಿ, ಎರಡು ರಾತ್ರಿಗೆ ಕೋಣೆ ಬುಕ್ ಮಾಡಿದ್ದೀರಿ. "ಯಾರದೋ ಮನೆಯಲ್ಲಿ ದುಡ್ಡು ಕೊಟ್ಟು ಇರೋದು ಮುಜುಗರ ಅಲ್ವಾ? ಹೇಗಿರಬೇಕು, ಏನು ಕೇಳಬಹುದು, ಏನು ಕೇಳಬಾರದು?" ಅಂತ ಕೇಳಿದ್ದೀರಿ. ಮುಜುಗರ ಆಗುತ್ತದೆ. ಆದರೆ ನನಗಾದಷ್ಟು ನಿಮಗೆ ಆಗಬೇಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮೊದಲ ಸಲದ ಕಥೆ ಶುರುವಾಗಿದ್ದೇ ತಪ್ಪಿನಿಂದ. ನಾಲ್ಕು ಗಂಟೆಗೆ ಬರುತ್ತೇನೆ ಅಂದಿದ್ದೆ. ಬಸ್ಸು ತಡವಾಯಿತು, ದಾರಿಯಲ್ಲಿ ಚಹಾಕ್ಕೆ ಇಳಿದಿದ್ದೂ ಆಯಿತು. ಆ ಮನೆ ಮುಟ್ಟಿದಾಗ ಆರೂವರೆ. ಹೋಟೆಲಾದರೆ ಯಾವ ಹೊತ್ತಿಗೆ ಹೋದರೂ ಕೌಂಟರಿನಲ್ಲಿ ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ? ಅದೇ ಗುಂಗಿನಲ್ಲಿ ನಾನು ಒಂದು ಫೋನ್ ಕೂಡ ಮಾಡಿರಲಿಲ್ಲ. ಹೋಗಿ ನೋಡಿದರೆ ಮನೆಯಾಕೆ ಚಪ್ಪಲಿ ಮೆಟ್ಟಿಕೊಂಡು, ಹೆಗಲಿಗೆ ಬ್ಯಾಗು ಹಾಕಿಕೊಂಡು ಗೇಟಿನ ಹತ್ತಿರವೇ ನಿಂತಿದ್ದರು. ಎಲ್ಲಿಗೋ ಹೋಗಬೇಕಿತ್ತು, ನನಗಾಗಿ ಎರಡೂವರೆ ಗಂಟೆ ಕಾದಿದ್ದರು. ಒಂದು ಮಾತೂ ಬೈಯಲಿಲ್ಲ. "ಬಂದ್ರಾ, ಬನ್ನಿ" ಅಂದು ಕೀಲಿ ಕೊಟ್ಟು, ಕೋಣೆ ತೋರಿಸಿ ಐದು ನಿಮಿಷಕ್ಕೆ ಹೊರಟುಬಿಟ್ಟರು. ಬೈದಿದ್ದರೇ ಎಷ್ಟೋ ಹಗುರವಾಗುತ್ತಿತ್ತು.

ಈ ಜಾಗಗಳ ಗುಟ್ಟೆಲ್ಲ ಇಲ್ಲೇ ಇದೆ. ಅಲ್ಲಿ ಕೋಣೆ ತೋರಿಸುವವರು, ಹಾಸಿಗೆ ಬಟ್ಟೆ ಒಗೆಯುವವರು, ಬೆಳಗ್ಗೆ ತಿಂಡಿ ಮಾಡುವವರು, ಲೆಕ್ಕ ಬರೆಯುವವರು, ಸಂತೆಗೆ ಹೋಗುವವರು, ಎಲ್ಲ ಒಬ್ಬರೇ. ಹೆಚ್ಚೆಂದರೆ ಇಬ್ಬರು. "ಮೂರರಿಂದ ಆರರ ಒಳಗೆ ಬನ್ನಿ" ಅಂತ ಬರೆದಿದ್ದರೆ ಅದು ದರ್ಪ ಅಲ್ಲ. ಹಿಂದಿನವರು ಖಾಲಿ ಮಾಡಿದ ಕೋಣೆ ಗುಡಿಸಿ ಒರೆಸಿ ಮುಗಿಯುವುದು ಮೂರಕ್ಕೆ, ರಾತ್ರಿ ಅಡುಗೆಗೆ ನಿಲ್ಲುವುದು ಆರಕ್ಕೆ. ಕೆಲವು ಕಡೆ ಕನಿಷ್ಠ ಎರಡು ರಾತ್ರಿ ಇರಲೇಬೇಕು ಅನ್ನುತ್ತಾರೆ. ಅದಕ್ಕೂ ಕಾರಣ ಇಂಥದ್ದೇ. ನೀವು ಒಂದು ರಾತ್ರಿ ಇದ್ದರೂ ಮೂರು ರಾತ್ರಿ ಇದ್ದರೂ ಒಗೆಯಬೇಕಾದ ಬಟ್ಟೆ ಅಷ್ಟೇ.

ಬುಕಿಂಗ್ ರದ್ದು ಮಾಡುವ ವಿಷಯವೂ ಹಾಗೇ. ನೂರು ಕೋಣೆಯ ಹೋಟೆಲಿನಲ್ಲಿ ಒಂದು ಖಾಲಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮೂರೇ ಕೋಣೆಯ ಮನೆಯಲ್ಲಿ ಒಂದು ಖಾಲಿ ಅಂದರೆ ಅವತ್ತಿನ ದುಡಿಮೆಯ ಮೂರನೇ ಒಂದು ಪಾಲು ಹೋಯಿತು ಅಂತ. ಹೋಗಲಾಗದಿದ್ದರೆ ಆದಷ್ಟು ಬೇಗ ತಿಳಿಸಿ. ಅಡ್ವಾನ್ಸ್ ವಾಪಸ್ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಅದಕ್ಕೂ ಮೊದಲು ಒಂದು ಮಾತು. ನೀವು ಬುಕ್ ಮಾಡಿರುವುದು ನಿಜವಾಗಿ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಹೌದಾ ಅಂತ ನೋಡಿಕೊಳ್ಳಿ. ಈಗ ಈ ಹೆಸರನ್ನು ಯಾವುದಕ್ಕೆ ಬೇಕಾದರೂ ಅಂಟಿಸುತ್ತಾರೆ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಯಾನ್ ಚೆಸ್ಕಿ ಮತ್ತು ಜೋ ಗೆಬಿಯಾ ಬಾಡಿಗೆಗೆ ದುಡ್ಡು ಸಾಲದೆ, ಊರಿಗೆ ಸಮ್ಮೇಳನಕ್ಕೆ ಬಂದವರಿಗೆ ತಮ್ಮ ಮನೆಯಲ್ಲೇ ಗಾಳಿ ತುಂಬುವ ಹಾಸಿಗೆ ಹಾಕಿಕೊಟ್ಟರು. ಬೆಳಗ್ಗೆ ತಿಂಡಿಯನ್ನೂ ಕೊಟ್ಟರು. ಮನೆ, ಕೋಣೆ ಬಾಡಿಗೆಗೆ ಹುಡುಕಿಕೊಡುವ ಏರ್‌ಬಿಎನ್‌ಬಿ ವೆಬ್‌ಸೈಟು ಹುಟ್ಟಿದ್ದು ಹಾಗೆ. ಆ ಹೆಸರಿನ ಕೊನೆಯ 'ಬಿಎನ್‌ಬಿ' ಇದೇ ಬೆಡ್ ಅಂಡ್ ಬ್ರೇಕ್‌ಫಾಸ್ಟು. ಇವತ್ತು ಅಲ್ಲಿ ಸಿಗುವ ಎಷ್ಟೋ ಮನೆಗಳಲ್ಲಿ ತಿಂಡಿಯೂ ಇಲ್ಲ, ಮನೆಯವರೂ ಇಲ್ಲ. ಬಾಗಿಲ ಪಕ್ಕ ಒಂದು ನಂಬರಿನ ಬೀಗ, ಅಷ್ಟೇ. ಫ್ರಾನ್ಸಿನವರು ಈ ವಿಷಯದಲ್ಲಿ ಖಡಕ್ಕು. ಅಲ್ಲಿನ ಕಾನೂನಿನ ಪ್ರಕಾರ ಇಂಥ ಮನೆಯಲ್ಲಿ ಐದು ಕೋಣೆ, 15 ಜನ ಮೀರುವಂತಿಲ್ಲ. ಮನೆಯಲ್ಲಿ ವಾಸ ಇರುವವರೇ ಬಂದವರನ್ನು ಬರಮಾಡಿಕೊಳ್ಳಬೇಕು, ತಿಂಡಿ ಬಾಡಿಗೆಯಲ್ಲೇ ಸೇರಿರಬೇಕು. ನೀವು ಎಲ್ಲೇ ಬುಕ್ ಮಾಡಿದ್ದರೂ ಈ ಎರಡನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ: ಮನೆಯವರು ಅಲ್ಲೇ ಇರುತ್ತಾರಾ, ತಿಂಡಿ ಸೇರಿದೆಯಾ?

ಸರಿ, ಮತ್ತೆ ನನ್ನ ಕಥೆಗೆ ಬರುತ್ತೇನೆ.

ತಡವಾಗಿ ಬಂದ ಅಪರಾಧಿ ಭಾವ ಇತ್ತಲ್ಲ, ಅದು ರಾತ್ರಿಯಿಡೀ ಬಿಡಲಿಲ್ಲ. ಕೋಣೆ ಮಹಡಿಯ ಮೇಲೆ. ಮರದ ಮೆಟ್ಟಿಲು. ಕೆಳಗಿನಿಂದ ನಾಲ್ಕನೆಯದು ಕಾಲಿಟ್ಟರೆ ಕಿರ್ ಅನ್ನುತ್ತಿತ್ತು. ಬಚ್ಚಲು ಕೆಳಗೆ. ಹನ್ನೊಂದು ಗಂಟೆಗೆ ಇಳಿಯುವಾಗ ಆ ಮೆಟ್ಟಿಲು ಕಿರುಗುಟ್ಟಿತು, ನಾನು ಕಳ್ಳನ ಹಾಗೆ ಅಲ್ಲೇ ನಿಂತುಬಿಟ್ಟೆ. ವಾಪಸ್ ಬರುವಾಗ ಅದನ್ನು ದಾಟಿ ಐದನೆಯದಕ್ಕೇ ಕಾಲು ಹಾಕಿದೆ. ನಲ್ಲಿಯನ್ನು ದಾರದಷ್ಟೇ ಬಿಟ್ಟೆ, ಸದ್ದಾಗಬಾರದು ಅಂತ.

ಆಮೇಲೆ ಚಳಿ. ಮಂಚದ ಮೇಲೆ ಒಂದು ತೆಳು ಹೊದಿಕೆ ಇತ್ತು. ಎರಡು ಗಂಟೆ ಹೊತ್ತಿಗೆ ಹಲ್ಲು ಕಟಕಟ ಅನ್ನತೊಡಗಿತು. ಮಂಚದ ಎದುರಿಗೇ ಒಂದು ದೊಡ್ಡ ಮರದ ಕಬೋರ್ಡು. ಅದನ್ನೇ ನೋಡುತ್ತಾ ಮಲಗಿದ್ದೆ. ಬೇರೆಯವರ ಮನೆ ಕಬೋರ್ಡನ್ನು ಕೇಳದೆ ತೆಗೆಯಬಾರದು ಅಂತ ಚಿಕ್ಕಂದಿನಿಂದ ಹೇಳಿಸಿಕೊಂಡು ಬೆಳೆದವನು ನಾನು. ತೆಗೆಯಲಿಲ್ಲ. ಪ್ಯಾಂಟಿನ ಮೇಲೆ ಇನ್ನೊಂದು ಪ್ಯಾಂಟು, ಅಂಗಿಯ ಮೇಲೆ ಅಂಗಿ ಹಾಕಿಕೊಂಡು, ಸ್ನಾನದ ಟವೆಲನ್ನು ಕಾಲಿಗೆ ಸುತ್ತಿಕೊಂಡು ಮುದುಡಿ ಮಲಗಿದೆ.

ಬೆಳಗ್ಗೆ ಮನೆಯಾಕೆ ಕೇಳಿದರು, "ನಿದ್ದೆ ಚೆನ್ನಾಗಿ ಬಂತಾ?"

"ಓ, ತುಂಬಾ ಚೆನ್ನಾಗಿ" ಅಂದೆ. ಅಂದವನೇ ಸೀನಿದೆ. ಒಂದಲ್ಲ, ಮೂರು ಸಲ.

ಅವರು ಏನೂ ಹೇಳದೆ ಮೇಲೆ ಹೋದರು. ಹಿಂದೆಯೇ ನಾನೂ ಹೋದೆ. ಆ ಕಬೋರ್ಡಿನ ಬಾಗಿಲು ತೆಗೆದರು. ಒಳಗೆ ಎರಡು ದಪ್ಪ ಕಂಬಳಿ, ಒಂದು ದಿಂಬು, ಬಿಸಿನೀರಿನ ರಬ್ಬರ್ ಚೀಲ, ಒಂದು ಟಾರ್ಚು, ಇಸ್ತ್ರಿ ಪೆಟ್ಟಿಗೆ. ಮೇಲಿನ ಗೂಡಿಗೆ ಒಂದು ಚೀಟಿ ಅಂಟಿಸಿತ್ತು: 'ಅತಿಥಿಗಳಿಗೆ'. "ಇದು ನಿಮ್ಮ ಕಬೋರ್ಡೇ ಕಣ್ರೀ. ನಿನ್ನೆ ಅವಸರದಲ್ಲಿ ತೋರಿಸೋಕೇ ಆಗಲಿಲ್ಲ" ಅಂದರು. ನಾನು ತಡ ಮಾಡಿದ್ದಕ್ಕೇ ಆ ಅವಸರ ಅಂತ ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ದಾಕ್ಷಿಣ್ಯಕ್ಕೆ ಬಸಿರಾದರು ಅಂತಾರಲ್ಲ, ನನ್ನದು ಅದೇ ಕಥೆ. ನೀವು ಹಾಗೆ ಮಾಡಬೇಡಿ. ನೀವು ಅಲ್ಲಿ ನೆಂಟರಲ್ಲ. ನೆಂಟರ ಮನೆಯಲ್ಲಿ ಕೇಳಲು ಸಂಕೋಚ ಪಡುವುದು ಸರಿ, ಅಲ್ಲಿ ನೀವು ದುಡ್ಡು ಕೊಟ್ಟಿರುವುದಿಲ್ಲ. ಹಾಗಂತ ಹೋಟೆಲಿನ ಗಿರಾಕಿಯೂ ಅಲ್ಲ, ಗಂಟೆ ಒತ್ತಿದರೆ ಓಡಿ ಬರುವ ಹುಡುಗ ಅಲ್ಲಿ ಇರುವುದಿಲ್ಲ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದೇ ಮೊದಲ ಸಲದ ಕಷ್ಟ. ನಾನು ಕಂಡುಕೊಂಡಿದ್ದು ಇಷ್ಟು: ಕೋಣೆಯ ಒಳಗೆ ಏನು ಬೇಕಾದರೂ ಕೇಳಬಹುದು. ಕಂಬಳಿ, ದಿಂಬು, ಬಿಸಿನೀರು, ಬಲ್ಬು, ಸೊಳ್ಳೆ ಕಾಟ, ಯಾವುದಾದರೂ ಸರಿ. ಅದಕ್ಕೇ ನೀವು ದುಡ್ಡು ಕೊಟ್ಟಿರುವುದು. ಆದರೆ ಹೊತ್ತಿನ ವಿಷಯ ಬಂದಾಗ ಅವರ ಮಾತು ನಡೆಯಬೇಕು.

ತಿಂಡಿ ಹೊತ್ತು ಅಂಥದ್ದು. ಎಂಟರಿಂದ ಒಂಬತ್ತೂವರೆ ಅಂದರೆ ಒಂಬತ್ತೂಇಪ್ಪತ್ತಕ್ಕೆ ಕಣ್ಣುಜ್ಜುತ್ತಾ ಇಳಿಯಬೇಡಿ. ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹಿಂದಿನ ರಾತ್ರಿಯೇ ಹೇಳಿ. ನೀವು ತಿನ್ನದ ಪದಾರ್ಥ, ಮೈಗೆ ಆಗದ ಪದಾರ್ಥ ಏನಾದರೂ ಇದ್ದರೆ ಬುಕ್ ಮಾಡುವಾಗಲೇ ತಿಳಿಸಿ. ತಟ್ಟೆ ಮುಂದಿಟ್ಟ ಮೇಲೆ ಹೇಳಿದರೆ ಅವರೇನು ಮಾಡಬೇಕು ಪಾಪ? ಸಾಮಾನು ತಂದಿರುವುದು ಹಿಂದಿನ ದಿನ. ಬೆಳಗ್ಗೆ ಆರಕ್ಕೇ ಹೊರಡುವುದಿದ್ದರೂ ಮೊದಲೇ ಹೇಳಿ, ಸಾಮಾನ್ಯವಾಗಿ ಏನಾದರೂ ಕಟ್ಟಿಕೊಡುತ್ತಾರೆ.

ತಿಂಡಿಗೆ ಎಲ್ಲರಿಗೂ ಒಂದೇ ಮೇಜು ಇರಬಹುದು. ಅಪರಿಚಿತರ ಜೊತೆ ಬೆಳಗ್ಗೆ ಬೆಳಗ್ಗೆ ಮಾತಾಡಬೇಕಾ ಅಂತ ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ನನ್ನ ಎದುರು ಕೂತಿದ್ದ ವಯಸ್ಸಾದ ಗಂಡ ಹೆಂಡತಿ ಹಿಂದಿನ ದಿನ ತಾವು ದಾರಿ ತಪ್ಪಿದ್ದನ್ನು ಹೇಳುತ್ತಿದ್ದರು. ಇಬ್ಬರದೂ ಬೇರೆ ಬೇರೆ ಕಥೆ, ತಪ್ಪು ಮಾತ್ರ ಇನ್ನೊಬ್ಬರದು. ನಾನು ಅವತ್ತು ಹೋಗಬೇಕು ಅಂದುಕೊಂಡಿದ್ದ ರಸ್ತೆ ರಿಪೇರಿಗೆ ಮುಚ್ಚಿದೆ ಅಂತ ಗೊತ್ತಾಗಿದ್ದು ಅವರ ಜಗಳದಲ್ಲೇ. ಫೋನಿನ ಮ್ಯಾಪಿನಲ್ಲಿ ಅದು ತೆರೆದೇ ಇತ್ತು. ಮಾತು ಬೇಡವಾದರೆ ನಮಸ್ಕಾರ ಹೇಳಿ, ಸುಮ್ನೆ ತಿಂದು ಏಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಬಚ್ಚಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದನ್ನು ಕೇಳಲು ಎಲ್ಲರಿಗೂ ನಾಚಿಕೆ. ಕೋಣೆಗೆ ಅಟ್ಯಾಚ್ಡ್ ಇದೆಯಾ, ನಿಮಗೊಬ್ಬರಿಗೇ ಆದರೂ ಕೋಣೆಯ ಹೊರಗಿದೆಯಾ, ಅಥವಾ ಬೇರೆಯವರ ಜೊತೆ ಹಂಚಿಕೊಳ್ಳಬೇಕಾ? ಈ ಮೂರೂ ಬೇರೆ ಬೇರೆ. ಫೋಟೋ ನೋಡಿ ಗೊತ್ತಾಗುವುದಿಲ್ಲ, ಬಾಯಿಬಿಟ್ಟು ಕೇಳಿ. ಬಿಸಿನೀರು ಒಂದೇ ಟ್ಯಾಂಕಿನಿಂದ ಬರುತ್ತಿದ್ದರೆ ಸಾಲಾಗಿ ನಾಲ್ಕು ಜನ ಸ್ನಾನ ಮಾಡಿದ ಮೇಲೆ ಐದನೆಯವರಿಗೆ ತಣ್ಣೀರೇ ಗತಿ. ಮತ್ತೆ ಕಾಯಲು ಹೊತ್ತು ಬೇಕು. "ಸ್ನಾನಕ್ಕೆ ಯಾವ ಹೊತ್ತು ಒಳ್ಳೆಯದು?" ಅಂತ ಕೇಳಿದರೆ ಮನೆಯವರಿಗೆ ಖುಷಿಯಾಗುತ್ತದೆ. ಹೀಗೆ ಕೇಳುವವರು ಅವರಿಗೆ ಸಿಗುವುದೇ ಅಪರೂಪ.

ಇನ್ನು ಬಾಗಿಲು. ಕೀಲಿ ಕೊಟ್ಟರು ಅಂದರೆ ಎಷ್ಟು ಹೊತ್ತಿಗಾದರೂ ಬರಬಹುದು ಅಂತ ಅಂದುಕೊಳ್ಳಬೇಡಿ. ಬೇರೆ ಒಂದು ಮನೆಯಲ್ಲಿ ನನ್ನ ಹತ್ತಿರ ಕೀಲಿ ಇತ್ತು, ಒಳಗಿನಿಂದ ಚಿಲಕವೂ ಬಿದ್ದಿತ್ತು. ಎಲ್ಲರೂ ಬಂದಾಯಿತು ಅಂದುಕೊಂಡು ಯಜಮಾನರು ಹಾಕಿ ಮಲಗಿದ್ದರು. ಹನ್ನೊಂದೂವರೆಗೆ ಫೋನ್ ಮಾಡಿ ಎಬ್ಬಿಸಬೇಕಾಯಿತು. ಪಂಚೆ ಸರಿಮಾಡಿಕೊಳ್ಳುತ್ತಾ ಬಂದು ಬಾಗಿಲು ತೆಗೆದ ಅವರ ಮುಖ ಇನ್ನೂ ಕಣ್ಣ ಮುಂದಿದೆ. ರಾತ್ರಿ ತಡವಾಗುವುದಿದ್ದರೆ ಹೇಳಿಯೇ ಹೊರಡಿ.

ಹಗಲೆಲ್ಲ ಕೋಣೆಯಲ್ಲೇ ಇರಬಹುದಾ ಅಂತಲೂ ಕೇಳಿದ್ದೀರಿ. ಈಗ ಬಹುತೇಕ ಕಡೆ ಇರಬಹುದು. ಹಿಂದೆ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಂಥ ಕಡಲತೀರದ ಊರುಗಳಲ್ಲಿ ಮನೆಯೊಡತಿಯರು ತಿಂಡಿ ಆದಮೇಲೆ ಅತಿಥಿಗಳನ್ನು ಹೊರಗೆ ಕಳಿಸಿಬಿಡುತ್ತಿದ್ದರು. ಸಂಜೆವರೆಗೆ ಒಳಗೆ ಬರುವಂತಿಲ್ಲ, ಮಳೆ ಬಂದರೂ ಅಷ್ಟೇ. ಆ ಕಾಲ ಹೋಯಿತು. ಆದರೂ ಕೋಣೆ ಗುಡಿಸಲು ಒಂದರ್ಧ ಗಂಟೆ ಬಿಟ್ಟುಕೊಟ್ಟರೆ ಒಳ್ಳೆಯದು.

ಒಂಟಿಯಾಗಿ ಹೋಗುತ್ತಿದ್ದರೆ ಎರಡು ವಿಷಯ ನೋಡಿಕೊಳ್ಳಿ. ಕೋಣೆಗೆ ಒಳಗಿನಿಂದ ಬೋಲ್ಟ್ ಇರಬೇಕು. ಒಂಟಿಯಾಗಿ ಉಳಿದವರು ಏನು ಬರೆದಿದ್ದಾರೆ ಅಂತ ರಿವ್ಯೂಗಳಲ್ಲಿ ಹುಡುಕಿ ಓದಬೇಕು. ಮನೆಯ ವಿಳಾಸವನ್ನು ನಿಮ್ಮವರಿಗೆ ಕಳಿಸಿಡಿ. ನಾಯಿ, ಬೆಕ್ಕು ಇದೆಯಾ ಅಂತಲೂ ಕೇಳಿ. ನಿಮಗೆ ಅಲರ್ಜಿ ಇದ್ದರೂ ಅದು ಅವರ ಮನೆ, ನಾಯಿ ಎಲ್ಲಿಗೂ ಹೋಗುವುದಿಲ್ಲ.

ರಾತ್ರಿಯೆಲ್ಲ ಫೋನಿನಲ್ಲಿ ಆಫೀಸು ಮೀಟಿಂಗ್ ಇರುವವರಿಗೆ, ಎಲ್ಲಿಗೆ ಹೊರಟ್ರಿ ಅಂತ ಯಾರಾದರೂ ಕೇಳಿದರೇ ಕಿರಿಕಿರಿಯಾಗುವವರಿಗೆ ನಾನು ಈ ಮನೆಗಳನ್ನು ಹೇಳುವುದಿಲ್ಲ. ಹೋಟೆಲೇ ವಾಸಿ. ಅದರಲ್ಲಿ ತಪ್ಪೇನೂ ಇಲ್ಲ.

ಹೊರಡುವಾಗ ಹಾಸಿಗೆ ಮಡಚಿ ನೀಟಾಗಿ ಹಾಸಿಡುವ ಅಭ್ಯಾಸ ನಿಮಗೂ ಇರಬಹುದು. ನಾನು ಹಾಸಿಟ್ಟಿದ್ದೆ. ಅವರು ನಕ್ಕು ಎಲ್ಲವನ್ನೂ ಮತ್ತೆ ಕಿತ್ತು ಒಗೆಯಲು ಹಾಕಿದರು. ಹಾಗೇ ಬಿಡಿ, ಒದ್ದೆ ಟವೆಲನ್ನು ಮಾತ್ರ ಹಾಸಿಗೆ ಮೇಲೆ ಹಾಕಬೇಡಿ. ಲೋಟ ಗೀಟ ಒಡೆದಿದ್ದರೆ ಹೇಳಿ. ಏನಾದರೂ ಸರಿ ಇಲ್ಲದಿದ್ದರೆ ಅದನ್ನೂ ಅಲ್ಲೇ ಇರುವಾಗಲೇ ಹೇಳಿ. ಎದುರಿಗೆ ನಗುನಗುತ್ತಾ ಇದ್ದು ಬಸ್ಸು ಹತ್ತಿದ ಮೇಲೆ ರಿವ್ಯೂನಲ್ಲಿ 'ರಾತ್ರಿ ಚಳಿಯಾಯಿತು' ಅಂತ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕಬೋರ್ಡು ತೆಗೆದಿದ್ದರೆ ಮುಗಿಯುತ್ತಿತ್ತಲ್ಲ!

ದುಡ್ಡು ಹೇಗೆ ತೆಗೆದುಕೊಳ್ಳುತ್ತಾರೆ, ನಗದೋ ಕಾರ್ಡೋ, ಅಂತ ಮೊದಲೇ ಕೇಳಿಕೊಳ್ಳಿ. ಸಣ್ಣ ಊರಿನಲ್ಲಿ ಎಟಿಎಂ ನಂಬಿಕೊಂಡು ಹೋಗಬೇಡಿ. ಮುಂದಿನ ಸಲ ಅದೇ ಮನೆಗೆ ಹೋಗುವುದಾದರೆ ನೇರವಾಗಿ ಫೋನ್ ಮಾಡಿ. ವೆಬ್‌ಸೈಟಿನವರಿಗೆ ಹೋಗುವ ಕಮಿಷನ್ ಅವರಿಗೆ ಉಳಿಯುತ್ತದೆ, ಒಳ್ಳೆಯ ಕೋಣೆ ನಿಮಗೆ ಸಿಗುತ್ತದೆ.

ಈಗ ಒಂದು ಕೆಲಸ ಮಾಡಿ. ಇವತ್ತೇ ಆ ಮನೆಗೆ ಫೋನ್ ಹಚ್ಚಿ, ಎಷ್ಟು ಗಂಟೆಗೆ ತಲುಪುತ್ತೀರಿ ಅಂತ ಹೇಳಿ. ಹಾಗೇ ಹೆಚ್ಚಿನ ಕಂಬಳಿ ಎಲ್ಲಿಟ್ಟಿದ್ದೀರಿ ಅಂತಲೂ ಕೇಳಿಬಿಡಿ.