ಶುಗರ್ ಇರೋ ನಾಯಿ ತೂರಾಡ್ತಿದ್ರೆ ಇನ್ಸುಲಿನ್ ಬೇಡ, ಮೊದಲು ಸಿಹಿ

ಮೇಡಂ, ಬೆಳಿಗ್ಗೆ ಇನ್ಸುಲಿನ್ ಚುಚ್ಚಿದೀನಿ, ನಾಯಿ ಊಟ ಅರ್ಧಕ್ಕೇ ಬಿಟ್ಟಿತ್ತು, ಮಧ್ಯಾಹ್ನದಿಂದ ನಡುಗ್ತಾ ತೂರಾಡ್ತಿದೆ, ಇನ್ನೊಂದು ಡೋಸ್ ಕೊಡ್ಲಾ ಅಂತ ಕೇಳಿದೀರಿ. ಕೊಡಲೇಬೇಡಿ. ಇದು ಶುಗರ್ ಇಳಿದಿರೋ ಲಕ್ಷಣ. ಏರಿದ ಶುಗರ್‌ಗೆ ಡಾಕ್ಟರ ಹತ್ತಿರ ಹೋಗೋಷ್ಟು ಹೊತ್ತು ಸಿಗುತ್ತೆ, ಇಳಿದಿದ್ದಕ್ಕೆ ಸಿಗಲ್ಲ.

ಗ್ಲುಕೋಮೀಟರ್ ಇದ್ರೆ ಕಿವಿಯಂಚಲ್ಲಿ ಚುಚ್ಚಿ ನೋಡಿ. 70ಕ್ಕಿಂತ ಕೆಳಗಿದ್ರೆ ಇಳಿದಿದೆ ಅಂತಲೇ ಲೆಕ್ಕ. ಮನುಷ್ಯರ ಮೀಟರ್ ನಾಯಿ ರಕ್ತಕ್ಕೆ ಸಾಮಾನ್ಯವಾಗಿ ಸ್ವಲ್ಪ ಕಮ್ಮಿ ತೋರಿಸುತ್ತೆ, ನಿಜ. ಆದ್ರೂ ಇಷ್ಟು ಲಕ್ಷಣ ಇರುವಾಗ ಅಂಕಿ ಹಿಡ್ಕೊಂಡು ವಾದ ಬೇಡ, ಮೀಟರ್ ಹುಡುಕ್ತಾ ಕೂರೋದೂ ಬೇಡ.

ಎಚ್ಚರ ಇದ್ದು ನುಂಗ್ತಿದ್ರೆ ಊಟ ಇಡಿ. ಮೂತಿ ತಿರುಗಿಸಿದ್ರೆ 10 ಕೆಜಿ ನಾಯಿಗೆ ಎರಡು ಟೀ ಚಮಚ ಗ್ಲುಕೋಸ್ ಪುಡಿ ಸ್ವಲ್ಪ ನೀರಲ್ಲಿ ಕಲಸಿ ನೆಕ್ಕಿಸಿ, ಇಲ್ಲಾಂದ್ರೆ ಅಷ್ಟೇ ಜೇನುತುಪ್ಪ. ಫಿಟ್ಸ್ ಬಂದಿದ್ರೆ, ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹೊಯ್ಯಬಾರದು, ಶ್ವಾಸಕೋಶಕ್ಕೆ ಇಳಿಯುತ್ತೆ. ತುಟಿ ಎತ್ತಿ ಒಸಡಿನ ಹೊರಬದಿಗೆ ಜೇನು ಸವರಿ. ಹಲ್ಲಿನ ಮಧ್ಯ ಬೆರಳು ಹಾಕಬೇಡಿ. ಸವರುತ್ತಲೇ ಆಸ್ಪತ್ರೆಗೆ ಹೊರಡಿ, ಅಲ್ಲಿ ಡೆಕ್ಸ್‌ಟ್ರೋಸ್ ಅನ್ನೋ ಗ್ಲುಕೋಸ್ ದ್ರಾವಣ ನೇರ ರಕ್ತನಾಳಕ್ಕೆ ಕೊಡ್ತಾರೆ. ಶುಗರ್ ಫ್ರೀ ಅಂತ ಬರೆದಿರೋದು ಯಾವುದೂ ಬೇಡ. ಅದರಲ್ಲಿ ಕ್ಸೈಲಿಟಾಲ್ ಅನ್ನೋ ಸಕ್ಕರೆ ಬದಲಿ ಸಿಹಿ ಇದ್ರೆ ಶುಗರ್ ಇನ್ನೂ ಪಾತಾಳಕ್ಕೆ ಹೋಗುತ್ತೆ.

ಹತ್ತು ಹದಿನೈದು ನಿಮಿಷಕ್ಕೆ ಎದ್ದು ಓಡಾಡ್ತು ಅಂತ ಸುಮ್ಮನಾಗಬೇಡಿ. ಬೆಳಗಿನ ಇನ್ಸುಲಿನ್ ಇನ್ನೂ ಕೆಲಸ ಮಾಡ್ತಿರುತ್ತೆ, ಮತ್ತೆ ಇಳಿಯಬಹುದು. ಸ್ವಲ್ಪ ಊಟ ಹಾಕಿ, ರಾತ್ರಿವರೆಗೂ ಅರ್ಧ-ಒಂದು ಗಂಟೆಗೊಮ್ಮೆ ನೋಡ್ತಿರಿ. ಸಂಜೆ ಡೋಸ್ ಡಾಕ್ಟರನ್ನ ಕೇಳದೆ ಕೊಡಬೇಡಿ.

ಇನ್ನೊಂದು, ನಿಮ್ಮ ಸಿರಿಂಜ್ ಕ್ಯಾಪ್ ನೋಡಿ. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಮಿಲಿಗೆ 40 ಯೂನಿಟ್, ಅದಕ್ಕೆ ಕೆಂಪು ಕ್ಯಾಪ್. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್, ಆ ಅಳತೆಯ ಸಿರಿಂಜ್‌ಗೆ ಕಿತ್ತಳೆ ಕ್ಯಾಪ್. 100ರದ್ದನ್ನ ಕೆಂಪು ಸಿರಿಂಜಲ್ಲಿ 4ರ ಗೆರೆಗೆ ಎಳೆದ್ರೆ ಒಳಗೆ ಹೋಗೋದು 10 ಯೂನಿಟ್! ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡ್ತಾರೆ, ಬಾಟಲಿ ಮೇಲಿನ ಅಂಕಿ ನೀವೇ ಓದಬೇಕು. ಚುಚ್ಚುವಾಗ ಔಷಧಿ ಸೋರಿತು ಅನ್ನಿಸಿದ್ರೂ ಎರಡನೇ ಸಲ ಚುಚ್ಚಬೇಡಿ. ಒಂದು ಡೋಸ್ ತಪ್ಪಿದ್ರೆ ಅಂಥ ನಷ್ಟ ಇಲ್ಲ.

ಶುಗರ್ 300 ದಾಟಿ, ವಾಂತಿ, ಊಟ ಪೂರ್ತಿ ಬಿಟ್ಟಿರೋದು, ಬಾಯಲ್ಲಿ ನೇಲ್ ಪಾಲಿಷ್ ರಿಮೂವರ್ ವಾಸನೆ ಇದ್ರೆ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿದಾಗ ರಕ್ತದಲ್ಲಿ ಸೇರೋ ಆಮ್ಲ) ಏರಿದೆ ಅಂತ ಅನುಮಾನಿಸಿ. ಅದಕ್ಕೆ ಮನೆಮದ್ದಿಲ್ಲ. ಡ್ರಿಪ್ ಬೇಕು, ಇನ್ಸುಲಿನ್ ಕೊಟ್ಟಾಗ ಪೊಟ್ಯಾಸಿಯಂ ಕುಸಿಯೋದ್ರಿಂದ ಅದನ್ನೂ ಅಳೆದು ಸೇರಿಸಬೇಕು. ಹೆಣ್ಣು ನಾಯಿ, ಆಪರೇಷನ್ ಆಗಿಲ್ಲ ಅಂದ್ರೆ ಗರ್ಭಕೋಶದಲ್ಲಿ ಕೀವು ಇದೆಯಾ ಅಂತ ಸ್ಕ್ಯಾನ್ ಮಾಡಿಸಿ. ಅದಿರೋ ತನಕ ಇನ್ಸುಲಿನ್ ಸರಿಯಾಗಿ ಹಿಡಿಯಲ್ಲ.